ಬೇಕರಿ ಬೋರ್ಡಿನ ಅಕ್ಷರ

ಭಾನುವಾರ, ಮಧ್ಯಾಹ್ನ

ಮಗಳೇ,

ಆಶೀರ್ವಾದ ಆಮೇಲೆ. ಮೊದಲು ಬೈಗುಳ.

ನೀನು ಕಂಪ್ಯೂಟರಿನಲ್ಲಿ ಮಾಡಿದ ಹೊಸ ಫಾಂಟಿನ ಸುದ್ದಿ ಬಂದಿದೆಯೆಂದು ಎದುರುಮನೆಯಾಕೆ ಪತ್ರಿಕೆ ತಂದುಕೊಟ್ಟಳು. "ನಿಮ್ ಕೈಬರಹ ಎಲ್ಲಾ ಕಡೆ ಫೇಮಸ್ ಆಯ್ತಲ್ರೀ!" ಎಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ಮೈಯೆಲ್ಲ ಉರಿದುಹೋಯಿತು. ಫಾಂಟಿಗೆ 'ಅಮ್ಮ' ಎಂದು ಹೆಸರು! ಹಳೆಯ ಕಾಲದ ಸೊಗಸು, ಕೈಯಲ್ಲೇ ತಿದ್ದಿದ ತುಂಟ ಅಕ್ಷರ, ಶೀರ್ಷಿಕೆಗೂ ಅಂಗಡಿ ಬೋರ್ಡಿಗೂ ಹೇಳಿ ಮಾಡಿಸಿದ್ದು ಎಂಬ ಹೊಗಳಿಕೆ ಬೇರೆ.

ತುಂಟ ಅಕ್ಷರವೇ? ನಾನು ಜೀವಮಾನವಿಡೀ ಏಣಿ ಹತ್ತಿ ಬೋರ್ಡ್ ಬರೆದವಳು. ನನ್ನ ಗೆರೆ ಕೂದಲೆಳೆಯಷ್ಟೂ ಓರೆಯಾದದ್ದಿಲ್ಲ. ಔಷಧಿ ಅಂಗಡಿಯದು, ಶಾಲೆಯದು, ಅಷ್ಟೂ ಬಿಟ್ಟು ನಿನ್ನ ಫಾಂಟಿನ ಮಾದರಿಗೆ ನೀನು ಹುಡುಕಿ ಹುಡುಕಿ ಆರಿಸಿದ್ದು ಬೇಕರಿಯ ಬೋರ್ಡನ್ನು! ಹೊಟ್ಟೆ ಉಬ್ಬಿದ ಅಕ್ಷರಗಳು. ಅವುಗಳ ತುದಿಯ ಪುಟ್ಟ ಪಾದಗಳು, ನೀನು ಸೆರಿಫ್ ಎನ್ನುತ್ತೀಯಲ್ಲ, ಒಂದು ಉದ್ದ, ಒಂದು ಗಿಡ್ಡ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡ ಹಾಗೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಅಮ್ಮನಿಗೆ ಸರ್‌ಪ್ರೈಸ್ ಕೊಡಬೇಕೆಂದಿದ್ದೆ ಎಂದು ಪತ್ರಿಕೆಯವರಿಗೆ ಹೇಳಿದ್ದೀಯ. ಕೊಟ್ಟೆಯಲ್ಲ!

ಅದು ನನ್ನ ಕೈಯಲ್ಲ. ನಿಮ್ಮಪ್ಪನದು.

ನೀನು ಹುಟ್ಟಿದ ವಾರ ನಾನು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಬೇಕರಿ ಶುರುವಾಗುವ ದಿನ ತಲೆಯ ಮೇಲೆ ಬಂದಿತ್ತು. ಬೇರೆಯವರ ಹತ್ತಿರ ಬರೆಸಿಕೊಳ್ಳುತ್ತೇನೆ ಎಂದು ಮಾಲೀಕರು ಹೇಳಿ ಕಳಿಸಿದಾಗ, ಜನ್ಮದಲ್ಲಿ ಬ್ರಷ್ ಮುಟ್ಟದ ನಿಮ್ಮಪ್ಪ, ಆ ಬಸ್ ಕಂಡಕ್ಟರು, "ನೀನ್ ಮಲ್ಕೋ, ನಾನ್ ಬರೀತೀನಿ. ಅಕ್ಷರ ತಾನೇ, ಎದ್ದು ಕಚ್ಚುತ್ತಾ?" ಎಂದು ಬಣ್ಣದ ಡಬ್ಬಿ ಎತ್ತಿಕೊಂಡು ಹೋದರು. ಸಂಜೆ ಮೂಗಿನ ತುದಿಗೆಲ್ಲ ಕೆಂಪು ಮೆತ್ತಿಕೊಂಡು ಬಂದು ನೆಟ್ಟಗೆ ನಿನ್ನನ್ನು ಎತ್ತಿಕೊಂಡರು. ನಿನ್ನ ಹಣೆಗೂ ಬಣ್ಣ ಹತ್ತಿತು. ನಾನು ಬೈದೆ. ಅವರು ನಕ್ಕರು.

ನೀನು ಶಾಲೆಗೆ ಸೇರುವ ಮೊದಲೇ ಬೇರೊಂದು ಸಂಸಾರ ಕಟ್ಟಿಕೊಂಡು ಹೋದರು. ಅದು ನಿನಗೆ ಗೊತ್ತಿರುವುದೇ. ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅವರ ಬಟ್ಟೆಬರೆ, ಫೋಟೊ ಎಲ್ಲ ಹೊರಗೆ ಹಾಕಿದೆ. ಬೇಕರಿಯವರು ಮಾತ್ರ, "ಅಕ್ಕಾ, ಆ ಬೋರ್ಡ್ ಅಳಿಸಿ ಹೊಸದಾಗಿ ಬರ್ಕೊಡಿ" ಎಂದು ಕೇಳಿದಾಗಲೆಲ್ಲ ನನಗೆ ಏನಾದರೊಂದು ಬೇರೆ ಕೆಲಸ ಬಂದುಬಿಡುತ್ತಿತ್ತು.

ಈಗ ಆ ಸೊಟ್ಟ ಅಕ್ಷರಕ್ಕೆ ನನ್ನ ಹೆಸರು! ಯಾರ ಹಂಗೂ ಇಲ್ಲದೆ ನಿನ್ನನ್ನು ಸಾಕಿದವಳಿಗೆ ಆ ಮನುಷ್ಯನ ಪಾಲಿನ ಹೊಗಳಿಕೆ ಬೇಡ. ಹೆಸರು ಬದಲಿಸು. ಬರೆದವರ ಹೆಸರನ್ನೇ ಹಾಕು. ಆದರೆ ಅಕ್ಷರಗಳನ್ನು ನೆಟ್ಟಗೆ ಮಾಡಲು ಹೋಗಬೇಡ. ಇದ್ದಂತೆಯೇ ಇರಲಿ.

ಇನ್ನೂ ಸಿಟ್ಟು ಇಳಿಯದ,
ನಿನ್ನ ಅಮ್ಮ

ತಾ.ಕ.: ಹೆಸರು ಹಾಕುವ ಮೊದಲು ಅವರನ್ನೊಂದು ಮಾತು ಕೇಳು. ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿನ್ನ ಹತ್ತಿರ ಇರುವುದು ಹಳೆಯದು. ಹೋದ ವರ್ಷ ಮನೆ ಬದಲಿಸಿ, ಈಗ ಒಬ್ಬರೇ ಇದ್ದಾರೆ. ನನಗೆ ಹೇಗೆ ಗೊತ್ತು ಎಂದು ಕೇಳಿದೆಯೋ, ನೋಡು ಮತ್ತೆ.