ಬೂದಿಕಟ್ಟೆ ಕೆರೆಯ ಸ್ಟೀಲ್ ಬೋರ್ಡು

ಫೆಬ್ರವರಿ ೩೧, ೨೨೧೯

ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರ್ ವಿರೂಪಾಕ್ಷಯ್ಯನವರಿಗೂ ಕೆರೆ ಸಂಘದ ಕಾರ್ಯದರ್ಶಿ ಜುಬೇದಾ ಟೀಚರಿಗೂ, ಇನ್ನೂರು ವರ್ಷದಾಚೆಯಿಂದ, ನಿಮ್ಮ ಬೋರ್ಡು ಕಾಯುವ ನೇಸರಾ ಬಣಕಾರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ವರದಿ ಬರೆಯಲು ದಿನ ಸಾಲದೆಂದು ನಾವು ಫೆಬ್ರವರಿಗೆ ಮೂರು ದಿನ ಸೇರಿಸಿಕೊಂಡೆವು. ವರದಿ ಈಗಲೂ ತಡವೇ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಸಭೆಗಳ ನಡಾವಳಿ ಓದಿಯೇ ಕಲಿತ ಭಾಷೆ ಇದು.

ನಮ್ಮ ಕಾಲದಲ್ಲಿ ಕಂಪನಿಯೂ ಸಂಘವೂ ಕೈಜೋಡಿಸಬೇಕಾದರೆ ಮೊದಲು 'ಹೂಳುವರ್ಷ' ಕಳೆಯಬೇಕು. ಆ ವರ್ಷ ಹೆಸರಿಲ್ಲ, ಫೋಟೊ ಇಲ್ಲ, ಹಾರವಂತೂ ಇಲ್ಲವೇ ಇಲ್ಲ. ಕಂಪನಿಯ ದೊಡ್ಡವರು ಬುಟ್ಟಿ ಹೊತ್ತು ಕೆರೆಯ ಹೂಳೆತ್ತುತ್ತಾರೆ. ಸಂಘದವರು ಕಾರ್ಖಾನೆಯಲ್ಲಿ ಕೂತು, ಒಂದು ಆರ್ಡರು ತಪ್ಪಿದರೆ ಎಷ್ಟು ಜನರ ಎದೆ ಹೊಡೆದುಕೊಳ್ಳುತ್ತದೆಂದು ನೋಡುತ್ತಾರೆ. ವರ್ಷವಿಡೀ ಒಮ್ಮೆಯೂ ಜಗಳವಾಡದ ಜೋಡಿಯನ್ನು ನಾವು ನಂಬುವುದಿಲ್ಲ. ಅದರಲ್ಲಿ ಒಬ್ಬರು ಕೆಲಸಕ್ಕೇ ಬಂದಿರುವುದಿಲ್ಲ. ಪಕ್ಕದೂರಿನ ಕೆರೆಗೆ ನೀರು ತುಂಬಿದ್ದು ಇಂಥ ಹೂಳುವರ್ಷದಿಂದಲೇ. ಅಲ್ಲಿಯವರು ಮೀನು ಸಾರಿನ ವಾಸನೆ ನಮ್ಮ ಕಡೆಗೇ ಬೀಸುವಂತೆ ಅಡುಗೆ ಮಾಡುತ್ತಾರೆ. ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇಕೆ?

ನಾಳೆ ನಿಮ್ಮಿಬ್ಬರ ಮೊದಲ ಸಭೆ. ಅಲ್ಲಿ ನೀವೂ ಜಗಳವಾಡುತ್ತೀರಿ, ಆದರೆ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಎಂದು. "ಕೆರೆ ನಮ್ದು, ಹೆಸ್ರು ಮೊದ್ಲು ನಿಮ್ದಾ?" ಎನ್ನುತ್ತಾರೆ ಟೀಚರ್. "ಸ್ಟೀಲು ನಮ್ದಲ್ವಾ ಮೇಡಂ" ಎನ್ನುತ್ತಾರೆ ಮ್ಯಾನೇಜರ್. ಬಿಸ್ಕತ್ತು ಹಂಚಿ ಸಭೆ ಮುಂದೂಡುತ್ತೀರಿ. ಹೀಗೆ ಹದಿನಾಲ್ಕು ಸಲ. ಹದಿನೈದನೆಯ ಸಭೆಯಲ್ಲಿ ಎರಡೂ ಹೆಸರನ್ನು ಅಕ್ಕಪಕ್ಕ ಕೆತ್ತಿಸಲು ಒಪ್ಪುವ ಹೊತ್ತಿಗೆ ಎರಡು ಮಳೆಗಾಲ ಮುಗಿದಿರುತ್ತವೆ. ಕೆರೆಗೆ ನೀರು ತರುವ ಕಾಲುವೆಯ ಬಾಯಿಗೆ ಕಟ್ಟಿಕೊಂಡ ಕಸ ಹಾಗೇ ಉಳಿಯುತ್ತದೆ. ಆ ಕಸದ ಮಾತು ಹದಿನೈದೂ ನಡಾವಳಿಗಳಲ್ಲಿದೆ, ಪ್ರತಿ ಸಲವೂ 'ಇತರೆ ವಿಷಯಗಳು' ಎಂಬಲ್ಲಿ.

ಬೋರ್ಡು ಮಾತ್ರ ಒಳ್ಳೆಯದು. ಇಂದಿಗೂ ತುಕ್ಕು ಹಿಡಿದಿಲ್ಲ. ಶಾಲೆಯ ಮಕ್ಕಳು ಬಂದು 'ಈ ಕೆರೆಯನ್ನು ಸಂರಕ್ಷಿಸಿದವರು' ಎಂದು ಜೋರಾಗಿ ಓದುತ್ತಾರೆ. ಆಮೇಲೆ ತಿರುಗಿ ನೋಡಿ, "ಕೆರೆ ಎಲ್ಲಿ ಅಕ್ಕಾ?" ಎಂದು ಕೇಳುತ್ತಾರೆ. ನಾನು ಧೂಳಿನ ಕಡೆ ಕೈ ತೋರಿಸುತ್ತೇನೆ. ಆಗ ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ.

ದಯವಿಟ್ಟು ನಾಳೆ ಸಭೆ ಬೇಡ. ಇಬ್ಬರೂ ಗುದ್ದಲಿ ಹಿಡಿದು ಸೀದಾ ಕಾಲುವೆಯ ಬಾಯಿಗೆ ಹೋಗಿ. ಜಗಳ ಅಲ್ಲೇ ಆಡಿ, ಬಿಸ್ಕತ್ತೂ ಅಲ್ಲಿಗೇ ತರಿಸಿಕೊಳ್ಳಿ. ಬೋರ್ಡಿಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ, ಗೊತ್ತು. ಹೋಗಲಿ. ಮೂವತ್ತೆಂಟು ವರ್ಷದಿಂದ ಕೆರೆಯ ದಂಡೆಯ ಮೇಲೆ ಕೂತಿದ್ದೇನೆ, ನನಗಿನ್ನೂ ಈಜು ಬರುವುದಿಲ್ಲ.