ಅಪ್ಪಯ್ಯನ ಹಲ್ಲಿನ ಸೆಟ್ಟು

ಬೀಜಾಡಿ
೧೮ ಫೆಬ್ರವರಿ ೨೦೨೪

ಮಗಳೇ ಅನಿಷಾ,

ಡೊಂಬಿವಲಿಯಲ್ಲಿ ನೀನೂ ಅಳಿಯ ಯತೀಶನೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮ ಎಂದು ಬರೆಯಲು ನನಗೆ ಮುಖವಿಲ್ಲ. ಮೊನ್ನೆ ತಾನೇ ಫೋನಿನಲ್ಲಿ ಮಾತಾಡಿದವಳು ಈಗೇನು ಕಾಗದ ಎಂದುಕೊಳ್ಳಬೇಡ. ಫೋನಿನಲ್ಲಿ ನೀನು ಒಮ್ಮೆ ‘ಅಮ್ಮ’ ಎಂದರೆ ಸಾಕು, ನಾನು ಬಂಗುಡೆಯ ರೇಟು, ಬಸಳೆ ಚಪ್ಪರ ಎಂದು ಬೇರೆ ಕಡೆ ಜಾರಿಬಿಡುತ್ತೇನೆ. ನಿನ್ನಮ್ಮನಿಗೆ ಊರವರೊಂದಿಗೆ ಜಗಳಕ್ಕೆ ನಿಲ್ಲುವ ಧೈರ್ಯವುಂಟು, ನಿನ್ನೆದುರು ನಿಜ ಹೇಳುವ ಧೈರ್ಯವಿಲ್ಲ.

ದೋಣಿ ಮಗುಚಿ ಕಾಣೆಯಾದ ಅಪ್ಪಯ್ಯನನ್ನು ರತ್ನಾಗಿರಿ ಬಂದರಿನಲ್ಲಿ ಯಾರೋ ಕಂಡರಂತೆ, ಯತೀಶ ರಜೆ ಹಾಕಿ ಹುಡುಕಲು ಹೋಗುತ್ತಾನಂತೆ, ಅಪ್ಪಯ್ಯ ನಗುತ್ತಿರುವ ಫೋಟೊವನ್ನು ನೀನು ಪ್ರಿಂಟ್ ಹಾಕಿಸಿದ್ದೀಯಂತೆ. “ಅಮ್ಮ, ನೀ ಕುಂಕುಮ ತೆಗಿಬೇಡ. ಅಪ್ಪಯ್ಯ ಬಂದೇ ಬತ್ರ್” ಎಂದೆ ನೀನು. ಯತೀಶನನ್ನು ಕಳಿಸಬೇಡ ಮಗಳೇ. ಡಿಸೆಂಬರಿನಲ್ಲಿ ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ಒಂದು ಶವ ಸಿಕ್ಕಿತ್ತಲ್ಲ, ನಮ್ಮವರಲ್ಲ ಎಂದು ನಾವು ಬಿಟ್ಟು ಬಂದೆವಲ್ಲ, ಅದು ಅವರೇ.

ಆ ದಿನ ಪೊಲೀಸರು ಕರೆದಾಗ ನಾನು, ರಾಜೇಂದ್ರ ಚಿಕ್ಕಯ್ಯ, ಗಂಗೊಳ್ಳಿ ಬಂದರಿನ ನಾಲ್ಕಾರು ಜನ ಆಸ್ಪತ್ರೆಗೆ ಹೋದೆವು. ಮುಖ ನೋಡುವಂತಿರಲಿಲ್ಲ, ಮೈಮೇಲೆ ಬಟ್ಟೆಯೂ ಇರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ನಿಮ್ಮ ಯಜಮಾನರ ಹಲ್ಲು ಹೇಗಿತ್ತು ಎಂದು ಕೇಳಿದರು. ಬಂದರಿನವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. “ಅವ್ರ ಹಲ್ಲ್ ಒಂದೂ ಹೋಯ್ಲ, ಎಲ್ಲಾ ಗಟ್ಟಿ ಇತ್ತ್” ಎಂದುಬಿಟ್ಟೆ. ಡಾಕ್ಟರು ತಲೆಯಾಡಿಸಿದರು. ಈ ಮನುಷ್ಯನ ಮೇಲ್ದವಡೆಯಲ್ಲಿ ಒಂದೂ ಹಲ್ಲಿಲ್ಲ, ಅವು ನೀರಿನಲ್ಲಿ ಉದುರಿದ್ದಲ್ಲ, ಗುಳಿಗಳು ಮುಚ್ಚಿಕೊಂಡು ವರ್ಷಗಳೇ ಆಗಿವೆ ಎಂದರು. ಚಿಕ್ಕಯ್ಯ ಉಸಿರು ಬಿಟ್ಟು, “ಹಂಗಾರೆ ಇದ್ ನಮ್ಮಣ್ಣ ಅಲ್ಲ” ಎಂದ. ಎಲ್ಲರಿಗೂ ಸಮಾಧಾನವಾಯಿತು. ನನಗೆ ಮಾತ್ರ ಆ ಕ್ಷಣವೇ ಗೊತ್ತಾಯಿತು. ಪೊಲೀಸರು ಪರೀಕ್ಷೆಗೆಂದು ಒಂದು ಎಲುಬು ತೆಗೆದಿಟ್ಟು, ಉಳಿದದ್ದನ್ನು ವಾರಸುದಾರರಿಲ್ಲದ್ದೆಂದು ಮಣ್ಣು ಮಾಡಿದರು. ಹೆಂಡತಿ ಎದುರಿಗೇ ಇದ್ದಳು, ಬಾಯಿ ಹೊಲಿದುಕೊಂಡು.

ನಿನಗೆ ಗೊತ್ತಿಲ್ಲ, ಅಪ್ಪಯ್ಯನ ಮೇಲಿನ ಹಲ್ಲು ಅಷ್ಟೂ ಕಟ್ಟಿಸಿದ್ದು. ನೀನು ಹುಟ್ಟುವ ಮೊದಲೇ ವಸಡಿನ ರೋಗ ಬಂದು ಒಂದೊಂದಾಗಿ ಹೋದವು. ಅಪ್ಪಯ್ಯನ ಹಾಗೆ ಬಂದರಿನಲ್ಲಿ ಮೀನು ಏಲಂ ಕೂಗುವವರಿಗೆ ಬಾಯಿಯೇ ಬಂಡವಾಳ. ಹಲ್ಲಿಲ್ಲದೆ ‘ಮುನ್ನೂರು’ ಎಂದರೆ ಗಾಳಿ ಹೋಗುತ್ತದೆ, ಮೀನಿನ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ಕುಂದಾಪುರದಲ್ಲಿ ಮಾಡಿಸಿದರೆ ಸುದ್ದಿಯಾದೀತೆಂದು, ಹಗ್ಗ ತರುವ ನೆವದಲ್ಲಿ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗಿ ಸೆಟ್ಟು ಮಾಡಿಸಿಕೊಂಡು ಬಂದರು. ಒಡಹುಟ್ಟಿದ ತಮ್ಮನಿಗೂ ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತಾವೇ ಹೇಳಿ ನಗುತ್ತಿದ್ದರು, ಆಮೇಲೆ ನನ್ನಿಂದ ಆಣೆ ಹಾಕಿಸಿಕೊಂಡರು. ಸೆಟ್ಟು ತೊಳೆಯುವಾಗ ಬಚ್ಚಲಿನ ಬಾಗಿಲಲ್ಲಿ ನಾನು ಕಾವಲು. ನೀನು ಬಂದರೆ ಕೆಮ್ಮಬೇಕು. ಅಮ್ಮನಿಗೆ ಯಾವಾಗಲೂ ಕೆಮ್ಮು ಎಂದು ನೀನು ಶಾಲೆಯಿಂದ ಬರುವಾಗ ಶುಂಠಿ ತರುತ್ತಿದ್ದೆ.

ಅಷ್ಟು ವರ್ಷ ಕಾಪಾಡಿದ ಮಾನವನ್ನು ಬಂದರಿನವರ ಎದುರು ಕಳೆಯಲಾರದೆ ಹೋದೆ. ಹೀಗೆ ಬರೆದರೆ ನಾನೇನೋ ಪತಿವ್ರತೆ ಎಂಬಂತೆ ಕಾಣುತ್ತದೆ. ಅವರ ಮಾನ ಉಳಿಸಲು ಹೋಗಿ ಅವರಿಗೊಂದು ಹಿಡಿ ಅಕ್ಕಿಕಾಳು ಹಾಕುವವರಿಲ್ಲದ ಹಾಗೆ ಮಾಡಿದೆ. ನನ್ನ ಹಣೆಯ ಕುಂಕುಮ ನೋಡಿ ಊರವರು ‘ಸರಸಕ್ಕನ ನಂಬಿಕೆ ದೊಡ್ಡದು’ ಎನ್ನುತ್ತಾರೆ. ಕೇಳಿ ನನಗೆ ಮಣ್ಣಿಗಿಳಿದು ಹೋಗುವಷ್ಟು ನಾಚಿಕೆ.

ನಿನ್ನೆ ಬ್ರಹ್ಮಾವರಕ್ಕೆ ಹೋಗಿ ಆ ಹಲ್ಲಿನ ಡಾಕ್ಟರನ್ನು ಕಂಡೆ. ಒಬ್ಬರ ದವಡೆಗೆ ಅಚ್ಚು ತೆಗೆದು ಮಾಡಿದ ಸೆಟ್ಟು ಇನ್ನೊಬ್ಬರಿಗೆ ಸರಿಯಾಗಿ ಕೂರುವುದಿಲ್ಲವಂತೆ. ಶವವನ್ನು ಮಣ್ಣಿನಿಂದ ತೆಗೆಸಿ, ಸೆಟ್ಟನ್ನು ಆ ಮೇಲ್ದವಡೆಗೆ ಇಟ್ಟು ನೋಡಿದರೆ ಹೆಚ್ಚುಕಮ್ಮಿ ಗೊತ್ತಾಗುತ್ತದೆ, ಆದರೂ ಖಚಿತಕ್ಕೆ ಆ ಎಲುಬಿನೊಂದಿಗೆ ಹೋಲಿಸಲು ಮಗಳ ರಕ್ತ ಬೇಕಾದೀತು ಎಂದರು. ಅಪ್ಪಯ್ಯ ಮೊದಲು ಹಾಕುತ್ತಿದ್ದ ಹಳೆಯ ಸೆಟ್ಟೊಂದು ಮನೆಯಲ್ಲಿ ಉಳಿದಿದೆ. ಹಾಕಿಕೊಂಡು ಹೋದದ್ದು ಕಡಲಿನ ಪಾಲಾಗಿರಬೇಕು.

ನೀನು ಬಾ. ಬೈಂದೂರಿಗೆ ಇಬ್ಬರೂ ಹೋಗಿ ಪೊಲೀಸರಿಗೆ ಹೇಳುವ. ಚಿಕ್ಕಯ್ಯನಿಗೆ ನಾನೇ ಹೇಳುತ್ತೇನೆ, ಉಗಿದರೆ ಒರೆಸಿಕೊಳ್ಳುತ್ತೇನೆ. ನೀನು ರಕ್ತ ಕೊಡದಿದ್ದರೆ ಅಪ್ಪಯ್ಯ ಹೆಸರಿಲ್ಲದೆ ಅಲ್ಲೇ ಉಳಿಯುತ್ತಾರೆ.

ನಿನ್ನ ತಾಯಿ,
ಸರಸ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿದೆ. ಹಳೆಯ ಸೆಟ್ಟು ಎಂದು ಬರೆದದ್ದು ಸುಳ್ಳು. ಅವರಿಗೆ ಇದ್ದದ್ದು ಒಂದೇ ಸೆಟ್ಟು. ಅವರು ಕಾಣೆಯಾದ ಹಿಂದಿನ ದಿನ ಜಗಲಿಯಲ್ಲಿ ನೆಂಟರೆದುರು, ಸರಸಳ ಗೊರಕೆಗೆ ಹೆದರಿ ಬೆಕ್ಕು ಮನೆ ಬಿಟ್ಟಿತು ಎಂದು ನಗಾಡಿದ್ದರು. ನನಗೆ ಸಿಟ್ಟು ಬಂದಿತ್ತು. ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರಲಿ ಎಂದು ಬೆಳಿಗ್ಗೆ ಸೆಟ್ಟನ್ನು ಉಪ್ಪಿನ ಮರಿಗೆಯಲ್ಲಿ ಅಡಗಿಸಿಟ್ಟೆ. ಹಲ್ಲಿಲ್ಲದೆ ಏಲಂ ಕೂಗಲು ಹೋಗುವಂತಿಲ್ಲ, ಯಾರ ಎದುರೂ ಮಾತಾಡುವಂತಿಲ್ಲ. ಅದಕ್ಕೇ ಹಿತ್ತಲಿನಿಂದ ಹೋಗಿ, ಇಬ್ಬರು ಇರಬೇಕಾದ ದೋಣಿಯನ್ನು ರಿಪೇರಿಗೆಂದು ಒಬ್ಬರೇ ಹಂಗಾರಕಟ್ಟೆಗೆ ಹೊರಡಿಸಿದರು. ಅಳಿವೆಯಲ್ಲಿ ಅದು ಮಗುಚಿತು. ಸೆಟ್ಟಿನ ವಿಷಯ ಹೇಳಿದ್ದರೆ, ಶವದ ಬಾಯಲ್ಲಿಲ್ಲದ ಅದು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು, ಅದಕ್ಕೇ ಡಾಕ್ಟರು ಹೇಳಿದ ಮೇಲೂ ಬಾಯಿ ಬಿಡಲಿಲ್ಲ.

ಹೋಗುವ ಮೊದಲು ಮೈ ಒರೆಸುವ ಬೈರಾಸನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಬಂದಿದ್ದರು. ಚಿಕ್ಕಯ್ಯ ಜಗಲಿಯಲ್ಲಿ ಕೂತಿದ್ದರಿಂದ ಸೆಟ್ಟೆಲ್ಲಿ ಎಂದು ಕೇಳಲು ಬಾಯಿ ತೆರೆಯುವ ಹಾಗಿರಲಿಲ್ಲ. ಬೈರಾಸನ್ನು ಹೆಗಲಿಗೆ ಹಾಕಿ ಎರಡೂ ಕೈ ಜೋಡಿಸಿದರು. ನಾನು ಒಲೆಯ ಕಡೆ ತಿರುಗಿ ನಕ್ಕೆ.