ಮೂರು ನಟ್ಟು, ಒಂದು ಹೂಂ

ಫೋನ್ ಎತ್ತದ ಸಂಕೇತನಿಗೆ,

ಹನ್ನೊಂದು ದಿನಗಳಿಂದ ನಿನ್ನ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಇದನ್ನು ಕಟ್ ಮಾಡಲು ನಿನಗೆ ಬರುವುದಿಲ್ಲ. ಮನೆಗಲ್ಲ, ಹುನಗುಂದದ ನಿನ್ನ ಕಾಲೇಜಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಗಣಿತದ ಮಾಸ್ತರರಿಗೆ ಯಾರದೋ ದಪ್ಪ ಕಾಗದ ಬಂದಿದೆ ಎಂದು ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ನೋಡಲಿ, ಅಷ್ಟು ಶಿಕ್ಷೆಯಾದರೂ ನಿನಗೆ ಬೇಕು.

ನೀನು ಕಳಿಸಿದ ಕೊನೆಯ ಮೆಸೇಜು ನನಗೆ ಬಾಯಿಪಾಠವಾಗಿದೆ. "ವರದಾ, ಅಂದು ನೀನು ಹೂಂ ಅಂದದ್ದು ಎಚ್ಚರದಲ್ಲಿ ಅಂದದ್ದಲ್ಲ. ಗಾಡಿಯೊಳಗೆ ಹೊಗೆ ತುಂಬಿತ್ತು. ತಪ್ಪು ನನ್ನದು. ಆ ಮಾತಿಗೆ ನಿನ್ನನ್ನು ಕಟ್ಟಿಹಾಕುವುದು ನ್ಯಾಯವಲ್ಲ. ನಿಶ್ಚಯ ಬೇಡವೆಂದು ನಾನೇ ಮನೆಯಲ್ಲಿ ಹೇಳುತ್ತೇನೆ." ಹೇಳುತ್ತೇನೆ ಅಂದವನು ಇನ್ನೂ ಹೇಳಿಲ್ಲ. ಇಲ್ಲಿ ನಮ್ಮ ಅಪ್ಪ ಬರುವ ಇಪ್ಪತ್ತನೇ ತಾರೀಖಿನ ನಿಶ್ಚಯಕ್ಕೆಂದು ಬುಂದಿ ಲಾಡಿನ ರುಚಿ ನೋಡಿ ಬಂದಿದ್ದಾರೆ, ಅದೂ ಎರಡು ಅಂಗಡಿಯಲ್ಲಿ. ನಾನು ಒಬ್ಬಳೇ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನವನಗರದ ಸಾಲಿಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿ ಬರುತ್ತಿದ್ದೇನೆ. ಕೊಟ್ಟ ಮಾತನ್ನು ವಾಪಸು ಮಾಡಲು ಅದೇನು ಬಣ್ಣ ಸರಿಹೋಗದ ಇಳಕಲ್ ಸೀರೆಯೇ?

ಮೊದಲು ಸಿಟ್ಟು ಬಂತು. ಆಮೇಲೆ ಭಯವಾಯಿತು. ನೀನು ಹೇಳಿದ್ದು ಖರೆ ಇದ್ದರೆ ಏನು ಗತಿ ಎಂದು ಭಯ. ಯಾಕೆಂದರೆ ಆ ಮಧ್ಯಾಹ್ನದಷ್ಟು ಸುಖವಾಗಿ ನಾನು ಯಾವತ್ತೂ ಇದ್ದವಳಲ್ಲ.

ನಿಮ್ಮ ಮನೆ ನೋಡಲು ಇಳಕಲ್ಲಿಗೆ ಬಂದಿದ್ದೆವು. ಮಗಳನ್ನು ಕೊಡುವ ಮನೆಯ ಹೊಸ್ತಿಲು, ಹಿತ್ತಲು, ಅಡಿಗೆ ಮನೆ ಎಲ್ಲವನ್ನೂ ಕಣ್ಣಾರೆ ನೋಡದೆ ನಮ್ಮವರು ಮಾತು ಕೊಡುವುದಿಲ್ಲ. ಹೋಳಿಗೆ, ಕಟ್ಟಿನ ಸಾರು ಉಂಡು ಹೊರಟಾಗ ನಮ್ಮ ಬಾಡಿಗೆ ಗಾಡಿಯಲ್ಲಿ ಅಪ್ಪ, ಅವ್ವ, ಇಬ್ಬರು ಕಾಕಾಗಳು ಒತ್ತಿಕೊಂಡು ಕೂತರು. ಭಾಗೀರಥೀಬಾಯಿ, ಅಂದರೆ ನಮ್ಮ ಅಜ್ಜಿ, ಉಸಿರು ಕಟ್ಟುತ್ತದೆ ಎಂದು ಹಟ ಹಿಡಿದಳು. ಆಗ ನಿಮ್ಮ ತಂದೆ ಸತ್ಯಬೋಧರು ನಿನಗೆ, "ಸಂಕೇತಾ, ಅಜ್ಜಿನ್ನ ಮತ್ತ ವರದಾನ್ನ ನಮ್ಮ ಗಾಡ್ಯಾಗ ಬಾಗಲಕೋಟಿಗೆ ಬಿಟ್ಟು ಬಾರಪಾ" ಅಂದರು. ನಮಗಿಬ್ಬರಿಗೂ ನಾಲ್ಕು ಮಾತು ಸಿಗಲಿ ಎಂಬ ಹಂಚಿಕೆ ಅದೆಂದು ಎಲ್ಲರಿಗೂ ಗೊತ್ತಿತ್ತು. ಉಸಿರು ಕಟ್ಟುತ್ತದೆ ಎಂದು ಅಜ್ಜಿ ಹತ್ತಿದ್ದು ನಿಮ್ಮ ಆ ಹಳೆಯ ಕಾರನ್ನು, ನೋಡು.

ಹುನಗುಂದ ದಾಟುವವರೆಗೆ ನಾವು ಆಡಿದ್ದು ಬರೀ ಹವಾಮಾನದ ಮಾತು. ರಸ್ತೆ ಕೆಲಸದ ಧೂಳು ಎಂದು ನೀನು ಗಾಜು ಏರಿಸಿದೆ. ಕಿವಿಗೆ ಗಾಳಿ ಹೊಗುತ್ತದೆಂದು ಅಜ್ಜಿ ಹಿಂದಿನ ಗಾಜನ್ನೂ ಏರಿಸಿದಳು. ಎಲ್ಲಿಂದಲೋ ಟಕ್ ಟಕ್ ಎಂದು ಸಣ್ಣ ಸಪ್ಪಳ ಬರುತ್ತಿತ್ತು. ಸುಟ್ಟ ವಾಸನೆ ಒಂದಿಷ್ಟು ಬಂದಾಗ ಡಾಂಬರಿನದು ಅಂದುಕೊಂಡೆ. ಅಮೀನಗಡದಲ್ಲಿ ಇಳಿದು ಕರದಂಟು ತೆಗೆದುಕೊಂಡಾಗ ತಲೆ ಕೊಂಚ ಹಗುರವಾಯಿತು, ಮತ್ತೆ ಹತ್ತಿದೆವು. ಅಲ್ಲಿಂದ ಮುಂದಿನದು ನನಗೆ ನೆನಪಿರುವುದು ಕನಸು ನೆನಪಿರುವ ಹಾಗೆ. ಹೊಲದಲ್ಲಿಯ ಜೋಳದ ತೆನೆಗಳೆಲ್ಲ ನಮ್ಮ ಕಡೆ ತಿರುಗಿ ನೋಡುತ್ತಿದ್ದವು. ಕಮತಗಿಯ ಹತ್ತಿರ ಸೇತುವೆ ಬಂತು, ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಕೆಳಗೆ ಹೊಳೆಯ ನೀರು ನಿಂತಿತ್ತು, ನಾವೂ ನಿಂತಿದ್ದೆವು, ರಸ್ತೆ ಒಂದೇ ಹಿಂದಕ್ಕೆ ಹೋಗುತ್ತಿತ್ತು. ನೀನು ಏನೋ ಹೇಳುತ್ತಿದ್ದೆ. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಬೆಚ್ಚಗೆ ಬಂದು ಮೈಮೇಲೆ ಕೂತ ಹಾಗಿತ್ತು. ಟಕ್ ಟಕ್ ಅನ್ನುವುದು ನನ್ನ ಎದೆಯೇ ಎಂದು ನಂಬಿದ್ದೆ. ಇದೇ ಇರಬೇಕು, ಎಲ್ಲರೂ ಹೇಳುವುದು ಇದನ್ನೇ ಇರಬೇಕು ಅಂದುಕೊಂಡೆ. ನಗಬೇಡ.

ನಮ್ಮ ಹಳೆಯ ಓಣಿಯನ್ನು ಮುಳುಗಿಸಿದ ಬಾಗಲಕೋಟೆಯ ಅಣೆಕಟ್ಟಿನ ಹಿನ್ನೀರು ಕಂಡಾಗ ನೀನು ಗಾಡಿ ನಿಲ್ಲಿಸಿದೆ. "ಪಕ್ಷಿ ಭಾಳ ಬಂದಾವ, ಒಂದಿಷ್ಟು ನಿಂತು ಹೋಗೋಣ್ರಿ" ಅಂದೆ. ನಿನಗೆ ಕಣ್ಣು ಮಂಜಾಗಿ ರಸ್ತೆ ಎರಡಾಗಿ ಕಾಣುತ್ತಿತ್ತು ಎಂದು ನನಗೆ ಗೊತ್ತಾದದ್ದು ಕೊನೆಯದಕ್ಕಿಂತ ಮೊದಲು ನೀನು ಕಳಿಸಿದ್ದ ಮೆಸೇಜಿನಿಂದ. ಬಾಗಿಲು ತೆಗೆದೆವು. ಅಜ್ಜಿಯನ್ನು ಎಬ್ಬಿಸಲು ನಾಲ್ಕು ಸಲ ಅಲುಗಾಡಿಸಬೇಕಾಯಿತು. ಎದ್ದವಳ ಮುಖ ಹೂವಿನಂತಾಗಿತ್ತು. "ವರದಾ, ಅವರು ಬಂದಿದ್ರು" ಅಂದಳು. ಅವರು ಅಂದರೆ ನಮ್ಮ ಅಜ್ಜ ಪಂಢರೀನಾಥ, ಹೋಗಿ ಹದಿನಾಲ್ಕು ವರ್ಷವಾಯಿತು. "ಮುಳುಗಿದ ನಮ್ಮ ಹಳೇ ಮನಿ ಪಾವಟಿಗಿ ಮ್ಯಾಲೆ ನಿಂತಿದ್ರು. ನೀರು ಮೂರನೇ ಪಾವಟಿಗಿ ತನಕಾ ಬಂದಿತ್ತು. ಯಾಕ ಇಷ್ಟ ಲಗೂ ಬಂದಿ, ಹುಡುಗಿ ಒಬ್ಬಾಕಿನ್ನ ಬಿಟ್ಟು, ಹೋಗು ಅಂತ ಬೈದ್ರು." ನಾವಿಬ್ಬರೂ ನಕ್ಕೆವು. ಆ ನಗು ಮುಗಿಯುವ ಮೊದಲೇ ನೀನು ನೀರನ್ನು ನೋಡುತ್ತ, "ನಮ್ಮ ಮನಿ ನಿಮಗ ಪಸಂದ ಬಂತೇನ್ರಿ?" ಎಂದು ಕೇಳಿದೆ. ಮನೆಯ ಬಗ್ಗೆ ಕೇಳಿದ್ದಲ್ಲವೆಂದು ನನಗೆ ಗೊತ್ತಿತ್ತು. ಹೂಂ ಅಂದೆ.

ರಾತ್ರಿಯಿಡೀ ತಲೆ ಸಿಡಿಯಿತು. ಹೋಳಿಗೆ ಹೆಚ್ಚಾಯಿತು ಎಂದು ಅವ್ವ ಓಂಕಾಳು ಕೊಟ್ಟಳು.

ನಿನ್ನ ಮೆಸೇಜು ಓದಿದ ದಿನ ಅಜ್ಜಿಯ ಆ ಮಾತು ನೆನಪಾಯಿತು. ಇನ್ನರ್ಧ ತಾಸು ಗಾಜು ಮುಚ್ಚಿಯೇ ಇದ್ದಿದ್ದರೆ ಅಜ್ಜ ಅವಳನ್ನು ಒಳಗೆ ಕರೆದುಕೊಳ್ಳುತ್ತಿದ್ದನೇನೋ. ಅವಳ ಪಕ್ಕ ಕೂತ ವಿಜ್ಞಾನದ ಟೀಚರು ಜೋಳದ ತೆನೆ ನೋಡುತ್ತಿದ್ದಳು. ಆದ್ದರಿಂದ ತಪ್ಪೆಲ್ಲ ನಿನ್ನದೇ ಎಂದು ಬೀಗಬೇಡ, ಅದರಲ್ಲಿ ನನಗೂ ಪಾಲಿದೆ.

ಹೋದ ಶನಿವಾರ ರಜೆ ಹಾಕಿ, ಅಜ್ಜಿಗೆ ಕರದಂಟಿನ ಆಸೆ ತೋರಿಸಿ, ಬಸ್ಸು ಹತ್ತಿ ಅಮೀನಗಡಕ್ಕೆ ಹೋದೆ. ಅಂದು ಮರಳುವಾಗ ಗಾಡಿ ತೋರಿಸಿ ಅಲ್ಲೇ ಬಿಟ್ಟು ಬಂದೆನೆಂದು ನೀನು ಆ ಮೊದಲಿನ ಮೆಸೇಜಿನಲ್ಲಿ ಬರೆದಿದ್ದ ಮುರ್ತುಜಸಾಬರ ಗ್ಯಾರೇಜು ಹುಡುಕಲು ತಡವಾಗಲಿಲ್ಲ. ರಿಪೇರಿ ಆದರೂ ನೀನು ಅದನ್ನು ಒಯ್ಯಲು ಬಂದಿಲ್ಲವಂತೆ. ಅವರು ನನ್ನನ್ನು ನೋಡಿ, ಹಿಂದೆ ನಿಂತ ಅಜ್ಜಿಯನ್ನು ನೋಡಿ, "ಆ ದಿನ ಈ ಗಾಡ್ಯಾಗ ಕುಂತಿದ್ದ ಬಾಯಾರು ನೀವೇನ್ರಿ?" ಅಂದರು. ನಾನು ಹೌದು ಅಂದೆ. "ಮಲಗಿದವ್ರು ಎದ್ದ ಬಂದೀರಲ್ರಿ, ದೇವ್ರು ದೊಡ್ಡಾಂವ" ಎಂದು ಅಜ್ಜಿಗೆ ಕುರ್ಚಿ ಹಾಕಿದರು.

ಎಲ್ಲವನ್ನೂ ತೋರಿಸಿದರು. ಇಂಜಿನ್ನಿನಿಂದ ಬರುವ ಕೊಳವೆ ಸೈಲೆನ್ಸರಿನ ಪೈಪಿಗೆ ಕೂಡುವಲ್ಲಿ ಮೂರು ಬೋಲ್ಟು, ಮೂರು ನಟ್ಟು, ಹೊಗೆ ಸೋರದಂತೆ ನಡುವೆ ಬಳೆಯಷ್ಟು ಒಂದು ಪ್ಯಾಕಿಂಗು. ಮುರಿದ ಹಳೆಯ ಬೋಲ್ಟನ್ನು ತಟ್ಟೆಯಲ್ಲಿ ಎತ್ತಿಟ್ಟಿದ್ದರು. ನಡುವೆ ಎಳೆದು ಸಣ್ಣಗಾಗಿ ತುಂಡಾಗಿತ್ತು. "ನಟ್ಟು ಬಿಗಿಯೋ ಪಾನಾದ ಹಿಡಕಿಗೆ ಕಬ್ಬಿಣದ ಪೈಪು ಸಿಗಿಸಿ, ಮೈಯಾಗಿನ ಕಸುವೆಲ್ಲಾ ಹಾಕಿ ಜಗ್ಗ್ಯಾರ್ರಿ ನಿಮ್ಮ ಮಾಸ್ತರು. ಪೈಲವಾನ್ರೇನು ಅಂತ ಕೇಳಿದ್ನಿ. ಗಣಿತ ಕಲಸ್ತೇನಿ ಅಂದ್ರು" ಎಂದು ನಕ್ಕರು. ಎಳೆದು ಸೋತಿದ್ದ ಬೋಲ್ಟು ಕಾದಾಗ ಮುರಿಯಿತು, ಪೈಪು ಒಂದು ಮಗ್ಗುಲಿಗೆ ವಾಲಿತು, ಪ್ಯಾಕಿಂಗು ಸುಟ್ಟಿತು, ಕಣ್ಣಿಗೆ ಕಾಣದೆ ತಲೆಗೆ ಮಂಕು ಹಿಡಿಸುವ ಇಂಜಿನ್ನಿನ ಹೊಗೆ ಹಿಂದಕ್ಕೆ ಹೋಗುವುದನ್ನು ಬಿಟ್ಟು ಮೇಲೆದ್ದು, ಗಾಳಿ ಎಳೆಯುವ ಫ್ಯಾನಿನ ಜೊತೆ ನಮ್ಮ ಬಳಿಗೆ ಬಂತು. ಸಡಿಲಾಗಿದ್ದರೆ ಇಷ್ಟು ಕೆಡುತ್ತಿರಲಿಲ್ಲವಂತೆ. ಅತಿ ಬಿಗಿಯಾದದ್ದೇ ಕೆಟ್ಟಿತು.

ಆ ಮೂರನ್ನೂ ನಾನೇ ಬಿಗಿಯುತ್ತೇನೆ ಅಂದೆ. ಅವರು ನನ್ನ ಸೀರೆ ನೋಡಿದರು, ಮುಖ ನೋಡಿದರು, ಆಮೇಲೆ ತಾವು ಹಾಕಿದ್ದ ನಟ್ಟುಗಳನ್ನು ಪೂರ್ತಿ ಸಡಿಲಿಸಿ, ಮತ್ತೊಂದು ಹೊಸ ಪ್ಯಾಕಿಂಗು ಕೂರಿಸಿ ಕೊಟ್ಟರು. ಗಾಡಿಯ ಕೆಳಗೆ ತೋಡಿದ ರಿಪೇರಿ ಗುಂಡಿಯಲ್ಲಿ ಇಳಿದು ನಿಂತೆ. ಮೇಲೆ ಅಜ್ಜಿ, "ಅಯ್ಯ, ನಿಶ್ಚಯ ಆಗೋ ಹುಡುಗಿ ಗಾಡಿ ಬುಡಕ ಹೋಗ್ಯಾಳ ನೋಡ್ರೆವ್ವಾ" ಎಂದು ಯಾರೂ ಇಲ್ಲದ ಕಡೆ ಮುಖ ಮಾಡಿ ಹೇಳುತ್ತಿದ್ದಳು. ಸಾಬರು ಒಂದು ಉದ್ದನೆಯ ಪಾನಾ ಕೊಟ್ಟರು, ಟಾರ್ಕ್ ಪಾನಾ ಅಂತೆ. ಹಿಡಿಕೆಯ ಮೇಲೆ ಅಂಕಿಗಳಿವೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿದ್ದ ನಲವತ್ತೈದಕ್ಕೆ ಹಿಡಿಕೆ ತಿರುಗಿಸಿದರು. ಅಷ್ಟು ಬಿಗಿಯಾದ ಕೂಡಲೇ ಅದು ಟಿಕ್ ಅನ್ನುತ್ತದೆ. "ಒಂದ ನಟ್ಟನ್ನ ಪೂರಾ ಬಿಗಿಬ್ಯಾಡ್ರಿ ಬಾಯಾರ. ಇದಕ್ಕೊಂದಿಷ್ಟು, ಅದಕ್ಕೊಂದಿಷ್ಟು, ಮತ್ತ ಮೂರನೇದಕ್ಕ. ಮೂರೂ ಕೂಡೇ ಕುಂದರಬೇಕು. ಟಿಕ್ ಅಂದ್ರ ಕೈ ಬಿಡ್ರಿ. ಆಮ್ಯಾಲೆ ಜಗ್ಗಿದ್ದು ನಿಮ್ಮ ಹಟ ಆಕ್ಕೈತಿ." ಮೊದಲನೆಯ ನಟ್ಟಿಗೇ ಪಾನಾ ಜಾರಿ ನನ್ನ ಬೆರಳಿನ ಗೆಣ್ಣು ತರಚಿತು. ರಕ್ತ ಬಂತು, ಬಿಡಲಿಲ್ಲ. ಮೂರು ಸಲ ಟಿಕ್ ಅಂದಿತು. ಆ ಸಣ್ಣ ಸಪ್ಪಳ ಕೇಳಿ ನನಗೆ ಯಾಕೋ ಅಳು ಬಂದಂತಾಯಿತು.

ಸಾಬರು ಇಂಜಿನ್ ಶುರು ಮಾಡಿ, ಹಿಂದಿನ ಪೈಪಿಗೆ ಒದ್ದೆ ಅರಿವೆ ಒತ್ತಿ ಹಿಡಿದು, ಕೀಲಿನ ಹತ್ತಿರ ಕಿವಿಯಿಟ್ಟು ಕೇಳಿದರು. ಎಲ್ಲಿಯೂ ಸೋರುವ ಸಪ್ಪಳವಿಲ್ಲ ಎಂದು ಎರಡು ಸಲ ನೋಡಿದ ಮೇಲೆಯೇ ಕೀಲಿಕೈ ಕೊಟ್ಟರು. ಹುನಗುಂದದ ತನಕ ಹೋಗಿ, ಗಾಡಿ ತಿರುಗಿಸಿ, ಅದೇ ರಸ್ತೆಯಲ್ಲಿ ಬಾಗಲಕೋಟೆಗೆ ಹೊರಟೆ. ಅದೇ ಮಧ್ಯಾಹ್ನದ ಹೊತ್ತು, ಅದೇ ಸೀರೆ, ಹಿಂದೆ ಅದೇ ಅಜ್ಜಿ, ಗಾಜು ಏರಿಸಿತ್ತು. ಸಾಲಿಯ ಮಕ್ಕಳಿಗೆ ಹೇಳುವ ಹಾಗೆ, ನೀನಿಲ್ಲ ಎಂಬುದನ್ನು ಬಿಟ್ಟರೆ ಎಲ್ಲವನ್ನೂ ಮೊದಲಿನಂತೆ ಇಟ್ಟು ಹೊಗೆಯೊಂದನ್ನು ಮಾತ್ರ ತೆಗೆದಿದ್ದೆ.

ಸುಳ್ಳು ಹೇಳುವುದಿಲ್ಲ, ಸಂಕೇತ. ಜೋಳದ ತೆನೆ ನನ್ನ ಕಡೆ ತಿರುಗಲಿಲ್ಲ. ಕಮತಗಿಯ ಸೇತುವೆ ಲಗೂನೆ ಮುಗಿದುಹೋಯಿತು. ರಸ್ತೆಯ ತುಂಬ ಗುಂಡಿ, ಅಂದು ಒಂದೂ ಕಂಡಿರಲಿಲ್ಲ. ಟಕ್ ಟಕ್ ಇಲ್ಲ. ಅಜ್ಜಿ ನಿದ್ದೆ ಹೋಗಲೆಂದು ಕಣ್ಣು ಮುಚ್ಚಿಕೊಂಡು ಕೂತಳು, ನಿದ್ದೆ ಬರಲಿಲ್ಲ. "ಇವತ್ಯಾಕ ಅವರು ಬರವಲ್ರು?" ಎಂದು ಮಗುವಿನ ಹಾಗೆ ಕೇಳಿದಳು. ನಿಧಾನಕ್ಕೆ ಬರ್ತಾರ ಬಿಡು ಅಜ್ಜಿ, ಅವಸರ ಇಲ್ಲ ಅಂದೆ. ಆ ಇಡೀ ಚೆಂದದ ಮಧ್ಯಾಹ್ನ ಹೊಗೆಯದೇ ಆಗಿತ್ತು, ನೀನು ಹೇಳಿದ್ದೇ ಖರೆ ಅಂದುಕೊಂಡೆ.

ಹಿನ್ನೀರಿನ ಹತ್ತಿರ ನಿಲ್ಲಿಸಿ ಇಳಿದೆ. ಕೈಗೆ ಗ್ರೀಸು ಮೆತ್ತಿತ್ತು, ತೊಳೆಯೋಣವೆಂದು ನೀರಿನಲ್ಲಿ ಅದ್ದಿದೆ. ತರಚಿದ ಗೆಣ್ಣು ಚುರ್ ಅಂದಿತು. ಆಗ ನೆನಪಾಯಿತು.

ನಿಮ್ಮ ಮನೆಯ ಮುಂದೆ, ಅಜ್ಜಿ ಇನ್ನೂ ನಿಮ್ಮ ತಾಯಿಯ ಹತ್ತಿರ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದಳು. ನೀನು ಗಾಡಿಯ ಬಾಗಿಲು ತೆಗೆದು ನಿಂತಿದ್ದೆ. ಇಸ್ತ್ರಿ ಮಾಡಿದ ಅಂಗಿ, ಉಗುರಲ್ಲಿ ಕರಿ ಎಣ್ಣೆ, ಬಲಗೈಯ ಗೆಣ್ಣಿಗೆ ಪಟ್ಟಿ. ಕೈಗೆ ಏನಾಯ್ತ್ರಿ ಎಂದು ಕೇಳಿದೆ. ನೀನು ಕೈ ಹಿಂದೆ ಮಾಡಿಕೊಂಡು ನೆಲ ನೋಡಿದೆ. "ಗಾಡಿ ಭಾಳ ಸಪ್ಪಳ ಮಾಡ್ತಿತ್ರಿ. ನಿನ್ನೆ ಕೆಳಗ ಮಲಕೊಂಡು ಒಂದಿಷ್ಟು ಬಿಗದೆ. ನೀವು ಮಾತಾಡಿದ್ದು ನನಗ ಕೇಳಸಬೇಕಲ್ರಿ" ಅಂದೆ.

ಇಂಜಿನ್ ಇನ್ನೂ ಶುರುವಾಗಿರಲಿಲ್ಲ, ಸಂಕೇತ. ನಾಲ್ಕೂ ಬಾಗಿಲು ತೆರೆದಿದ್ದವು. ಕೀಲಿಕೈ ನಿನ್ನ ಜೇಬಿನಲ್ಲಿತ್ತು. ಅಲ್ಲಿಯವರೆಗೆ ನನ್ನನ್ನು ನೋಡಲು ಬಂದವರು ಸಂಬಳ ಕೇಳಿದ್ದರು, ಅಡಿಗೆ ಕೇಳಿದ್ದರು, ಒಬ್ಬ ಎತ್ತರ ಅಳೆದಿದ್ದ. ನನ್ನ ಮಾತು ಕೇಳಿಸಲಿ ಎಂದು ಯಾರೂ ಗಾಡಿಯ ಕೆಳಗೆ ಮಲಗಿರಲಿಲ್ಲ. ಆ ಹೊತ್ತಿಗೇ ನಾನು ಒಪ್ಪಿಯಾಗಿತ್ತು. ಹಿನ್ನೀರಿನ ತನಕ ಅದನ್ನು ಬಾಯಲ್ಲಿಟ್ಟುಕೊಂಡು ಬಂದದ್ದಷ್ಟೇ. ಹೊಗೆ ಹೋಗುವಾಗ ತನ್ನ ಜೊತೆ ಒಯ್ದದ್ದು ಜೋಳದ ತೆನೆಯನ್ನು, ಉದ್ದನೆಯ ಸೇತುವೆಯನ್ನು. ಅವು ಹೋದರೆ ಹೋಗಲಿ.

ಗಾಡಿ ಈಗ ನಮ್ಮ ಮನೆಯ ಮುಂದೆ ನಿಂತಿದೆ. ಸಂಕೇತ ಕಳಿಸಿಕೊಟ್ಟ ಎಂದು ಅಪ್ಪನಿಗೆ ಸುಳ್ಳು ಹೇಳಿದ್ದೇನೆ, ನೀನೇ ನಿಭಾಯಿಸಬೇಕು. ಇನ್ನೊಂದು ಕೆಲಸ ಬಾಕಿ ಇದೆ. "ಹೊಸಾ ಪ್ಯಾಕಿಂಗ್ ಒಂದಿಷ್ಟ ಕುಂದರತೈತ್ರಿ. ಬಿಸಿ ಆಗಿ, ಪೂರಾ ತಣ್ಣಗಾದ ಮ್ಯಾಲೆ ಇನ್ನೊಂದ ಸಲ ಪಾನಾ ಹಚ್ಚಬೇಕು" ಎಂದು ಸಾಬರು ಹೇಳಿ ಕಳಿಸಿದ್ದಾರೆ. ಬರುವ ರವಿವಾರ ಮುಂಜಾನೆ ಹತ್ತಕ್ಕೆ ಗಾಡಿಯನ್ನು ಅಮೀನಗಡಕ್ಕೆ ತರುತ್ತೇನೆ. ನೀನು ಬಸ್ಸಿಗೆ ಬಾ. ಈ ಸಲ ಪಾನಾ ನಿನ್ನ ಕೈಯಲ್ಲಿ, ಟಿಕ್ ಅಂದ ಕೂಡಲೇ ಬಿಡಬೇಕು, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಆದರೆ ಓಡಿ ಬಂದ ಗಾಡಿ ತಣ್ಣಗಾಗಲು ಎರಡು ತಾಸಾದರೂ ಬೇಕಂತೆ. ಆ ಎರಡು ತಾಸು ಗ್ಯಾರೇಜಿನ ಮುಂದಿನ ಬೇವಿನ ಕೆಳಗೆ ಕೂಡೋಣ. ನೀನು ಕೇಳಬೇಕಾದದ್ದನ್ನು ಮತ್ತೆ ಕೇಳು, ಮನೆಯ ನೆಪ ಮಾಡದೆ ಕೇಳು. ಇಂಜಿನ್ ಬಂದ್ ಇರುತ್ತದೆ. ನಾನು ಹೇಳಿದ್ದು ನಿನಗೆ ಕೇಳಿಸುತ್ತದೆ.

ಅಲ್ಲಿಯವರೆಗೆ ನಿನ್ನ ಗೆಣ್ಣಿನ ಗಾಯ ಮಾಯಲಿ, ರಾತ್ರಿ ನಿದ್ದೆ ಬರಲಿ, ಮಲಗುವ ಕೋಣೆಯ ಕಿಟಕಿ ತೆರೆದಿರಲಿ.

ಪೂರ್ತಿ ಎಚ್ಚರವಿರುವ,
ನಿನ್ನ ವರದಾ